ಮೈ ಕಾಯುವ ವಸ್ತುಗಳು: ಬೆಂಕಿ, ಬೂಟು ಮತ್ತು ನಮ್ಮ ಹೊಣೆ



ದತ್ತಿ ಉಪನ್ಯಾಸವೆಂದರೆ ಕಾವ್ಯ, ಶಾಸನ, ಇತಿಹಾಸಗಳ ಸುತ್ತ ನಡೆಯುವುದು ನಮ್ಮಲ್ಲಿ ರೂಢಿ. ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಈ ದತ್ತಿಯ ಹಿರಿಯರು ಹೇಳಿದಾಗ, ದುಡಿಯುವ ಮನುಷ್ಯನ ಮೈ ಕಾಯುವ ವಸ್ತುಗಳ ಬಗ್ಗೆ ಮಾತಾಡಬೇಕೆನಿಸಿತು. ಕಾರ್ಖಾನೆಯ ಸೇಫ್ಟಿ ಶೂ, ಅಗ್ನಿಶಾಮಕ ಸಿಬ್ಬಂದಿಯ ಬೂಟು ಮತ್ತು ಕೋಟು, ಹೊಗೆಯಲ್ಲಿ ಉಸಿರು ಕೊಡುವ ಮುಖವಾಡ, ಬೆಂಕಿ ಬಿದ್ದಾಗ ತಳ್ಳಿದೊಡನೆ ತೆರೆದುಕೊಳ್ಳುವ ಬಾಗಿಲು, ಇವೇ ಇಂದಿನ ವಿಷಯ.

ಈ ಮಾತಿಗೆ ನಾವು ಸೇರಿರುವ ಮಿಷಿಗನ್ನಿನ ವಿಕ್ಸಮ್ ತಕ್ಕ ಜಾಗ. ಐ-96 ಹೆದ್ದಾರಿಯ ಪಕ್ಕದಲ್ಲಿ 1957ರಿಂದ 2007ರವರೆಗೆ ಫೋರ್ಡ್ ಕಂಪನಿಯ ದೊಡ್ಡ ಜೋಡಣಾ ಕಾರ್ಖಾನೆ ಇತ್ತು. ಲಿಂಕನ್ ಕಾರುಗಳೂ ಥಂಡರ್‌ಬರ್ಡ್ ಕಾರುಗಳೂ ಅಲ್ಲಿಂದ ಹೊರಬಿದ್ದವು. ಈ ಸಭೆಯಲ್ಲಿರುವ ಹಲವರ ಅನ್ನ ಇಂದಿಗೂ ಮೋಟಾರು ಉದ್ಯಮದಿಂದಲೇ ಬರುತ್ತದೆ. ಡೆಟ್ರಾಯಿಟ್ ಮತ್ತು ಷಿಕಾಗೋಗಳನ್ನು ನಾವು 2002ರ ಮತ್ತು 2008ರ ಅಕ್ಕ ವಿಶ್ವ ಕನ್ನಡ ಸಮ್ಮೇಳನಗಳು ನಡೆದ ಊರುಗಳೆಂದು ನೆನೆಯುತ್ತೇವೆ. ಎರಡೂ ಒಮ್ಮೆ ಸುಟ್ಟು ಮತ್ತೆ ಎದ್ದ ಊರುಗಳು. ಡೆಟ್ರಾಯಿಟ್ 1805ರ ಜೂನ್ 11ರಂದು ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯಿತು. ಬೂದಿಯಿಂದ ಅದು ಮತ್ತೆ ಏಳುತ್ತದೆ ಎಂಬ ಅರ್ಥದ ಲ್ಯಾಟಿನ್ ಮಾತು ಇಂದಿಗೂ ಆ ನಗರದ ಧ್ಯೇಯವಾಕ್ಯ. ಷಿಕಾಗೋ 1871ರ ಅಕ್ಟೋಬರ್ 8ರಿಂದ 10ರವರೆಗೆ ಉರಿಯಿತು. ಸುಮಾರು 300 ಜನ ಸತ್ತರು, 17,000ಕ್ಕೂ ಹೆಚ್ಚು ಕಟ್ಟಡಗಳು ನೆಲಸಮವಾದವು, ಸುಮಾರು ಒಂದು ಲಕ್ಷ ಜನ ಸೂರು ಕಳೆದುಕೊಂಡರು.

ನನ್ನ ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲನೆಯದು, ದುರಂತಗಳು ಹೇಗೆ ಸಾಧನಗಳನ್ನೂ ಪರೀಕ್ಷೆಗಳನ್ನೂ ಹುಟ್ಟಿಸಿದವು ಎಂಬುದು. ಎರಡನೆಯದು, ಬೆಂಕಿಯೊಳಗೆ ಹೋಗುವವರ ಉಸಿರು ಮತ್ತು ಉಡುಪು. ಮೂರನೆಯದು, ಕಾಲಿನ ರಕ್ಷಣೆ. ನಾಲ್ಕನೆಯದು, ಒಬ್ಬರನ್ನು ಕಾಯುವ ವಸ್ತು ಇನ್ನೊಬ್ಬರಿಗೆ ಕೇಡು ತರುವ ಬಗೆ. ಈ ನಾಲ್ಕರಲ್ಲೂ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಮಾರುವವನಲ್ಲದ ಬೇರೊಬ್ಬರು ಪರೀಕ್ಷಿಸಿದಾಗ, ಧರಿಸುವವರ ಮೈಯಳತೆಗೆ ಹೊಂದಿದಾಗ, ಬಳಸಿ ಬಿಸಾಡುವ ತನಕ ಅದರ ಹೊಣೆಯನ್ನು ಯಾರಾದರೂ ಹೊತ್ತಾಗ ಆವಿಷ್ಕಾರವು ರಕ್ಷಣೆಯಾಗುತ್ತದೆ.

ಈಗ ಮೊದಲ ಭಾಗ.

1878ರಲ್ಲಿ ಷಿಕಾಗೋದ 21ನೇ ಎಂಜಿನ್ ಕಂಪನಿಯ ಕ್ಯಾಪ್ಟನ್ ಡೇವಿಡ್ ಕೆನ್ಯನ್. ಅದು ಕಪ್ಪು ಜನಾಂಗದ ಅಗ್ನಿಶಾಮಕರ ಠಾಣೆ. ಆಗ ಪಂಪಿನ ಗಾಡಿಯನ್ನು ಕುದುರೆಗಳು ಎಳೆಯುತ್ತಿದ್ದವು; ಅವುಗಳ ಹುಲ್ಲನ್ನು ಠಾಣೆಯ ಮೇಲಂತಸ್ತಿನಲ್ಲಿ ಇಡುತ್ತಿದ್ದರು. ಹುಲ್ಲಿನ ಗಾಡಿಯನ್ನು ಬಿಗಿಯಲು ಬಳಸುವ ಉದ್ದನೆಯ ಮರದ ಗಳು ಅಲ್ಲಿಯೇ ನಿಂತಿತ್ತು. ಒಂದು ದಿನ ಕರೆಗಂಟೆ ಬಾರಿಸಿದಾಗ ಮೇಲಿದ್ದ ಸಿಬ್ಬಂದಿಯೊಬ್ಬ ಮೆಟ್ಟಿಲಿಗೆ ಓಡದೆ ಆ ಗಳುವನ್ನು ತಬ್ಬಿ ಜಾರಿ ಕೆಳಗಿಳಿದ. ಕೆನ್ಯನ್ ಅದನ್ನು ಗಮನಿಸಿದರು. ಮೇಲಧಿಕಾರಿಯ ಒಪ್ಪಿಗೆ ಪಡೆದು ಮಹಡಿಯಲ್ಲಿ ರಂಧ್ರ ಕೊರೆಸಿ, ನಯಗೊಳಿಸಿ ಮೇಣ ಹಚ್ಚಿದ ಪೈನ್ ಮರದ ಕಂಬವನ್ನು ನಿಲ್ಲಿಸಿದರು. ಎರಡೇ ವರ್ಷದಲ್ಲಿ, 1880ರಲ್ಲಿ, ಬೋಸ್ಟನ್ ನಗರ ಅದನ್ನೇ ಹಿತ್ತಾಳೆಯಲ್ಲಿ ಮಾಡಿಸಿಕೊಂಡಿತು. ಜಗತ್ತಿನ ಠಾಣೆಗಳಲ್ಲೆಲ್ಲ ಕಾಣುವ ಜಾರುಕಂಬ ಹುಟ್ಟಿದ್ದು ಹೀಗೆ, ದಿನದ ಕೆಲಸವನ್ನು ಕಣ್ಣಿಟ್ಟು ನೋಡಿದ ಒಬ್ಬ ಮನುಷ್ಯನಿಂದ. ಎಂಬತ್ತು ವರ್ಷಗಳ ಬಳಿಕ, 1958ರಲ್ಲಿ, ಅದೇ ನಗರದ ಅಗ್ನಿಶಾಮಕ ಆಯುಕ್ತ ರಾಬರ್ಟ್ ಕ್ವಿನ್, ಮರದ ಕೊಂಬೆ ಕತ್ತರಿಸುವಂಥ ಕೆಲಸಗಳಿಗೆ ಬಳಕೆಯಲ್ಲಿದ್ದ ಮಡಚುವ ತೋಳಿನ ಯಂತ್ರಕ್ಕೆ ನೀರಿನ ಕೊಳವೆ ಜೋಡಿಸಿ ಬೆಂಕಿಯ ನೆತ್ತಿಗೆ ಸಿಬ್ಬಂದಿಯನ್ನು ಏರಿಸುವ ವಾಹನವನ್ನು ತಂದರು. ಆ ವಾಹನಕ್ಕೆ ಸ್ನಾರ್ಕೆಲ್ ಎಂಬ ಹೆಸರು ನಿಂತಿತು.

ಎಲ್ಲ ಆವಿಷ್ಕಾರಗಳ ಹಿಂದೆಯೂ ಇಂಥ ಶಾಂತ ಗಮನ ಇರಲಿಲ್ಲ. 1903ರ ಡಿಸೆಂಬರ್ 30ರ ಮಧ್ಯಾಹ್ನ ಷಿಕಾಗೋದ ಇರೊಕ್ವಾ ನಾಟಕಶಾಲೆಯಲ್ಲಿ ರಜೆಯ ಪ್ರದರ್ಶನ ನಡೆಯುತ್ತಿತ್ತು. ಪ್ರೇಕ್ಷಕರಲ್ಲಿ ಹೆಂಗಸರೂ ಮಕ್ಕಳೂ ಬಹಳ. ಬೆಂಕಿಗೆ ಸಂಪೂರ್ಣ ಅಭೇದ್ಯ ಎಂದು ಜಾಹೀರಾತು ಮಾಡಿದ್ದ, ಐದಾರು ವಾರಗಳ ಹಿಂದಷ್ಟೇ ತೆರೆದಿದ್ದ ಕಟ್ಟಡ ಅದು. ರಂಗದ ದೀಪದಿಂದ ಪರದೆಗೆ ಕಿಡಿ ತಗುಲಿತು. ಬೆಂಕಿ ತಡೆಯಬೇಕಾಗಿದ್ದ ತೆರೆ ಅರ್ಧದಲ್ಲೇ ಸಿಕ್ಕಿಕೊಂಡಿತು. ಜನ ಬಾಗಿಲಿಗೆ ನುಗ್ಗಿದರೆ ಕೆಲವು ಬಾಗಿಲು ಒಳಕ್ಕೆ ತೆರೆಯುವಂಥವು, ಕೆಲವಕ್ಕೆ ಬೀಗ, ಇನ್ನು ಕೆಲವಕ್ಕೆ ಜನ ಕಂಡೇ ಇರದ ಬಗೆಯ ಚಿಲಕ. ಆರುನೂರಕ್ಕೂ ಹೆಚ್ಚು ಮಂದಿ ಸತ್ತರು. ಇಂಡಿಯಾನಪೊಲಿಸ್‌ನ ಕಾರ್ಲ್ ಪ್ರಿಂಜ್ಲರ್ ಎಂಬ ಹಾರ್ಡ್‌ವೇರ್ ವ್ಯಾಪಾರಿ ಅದೇ ಆಟಕ್ಕೆ ಹೋಗಬೇಕಿತ್ತು. ವ್ಯಾಪಾರದ ಕೆಲಸದಿಂದ ಹೋಗಲಾಗಲಿಲ್ಲ. ಬೀಗ, ಚಿಲಕಗಳನ್ನೇ ಮಾರುತ್ತಿದ್ದ ಅವರು, ವಾಸ್ತುಶಿಲ್ಪಿ ಹೆನ್ರಿ ಡುಪಾಂಟ್ ಜೊತೆ ಸೇರಿ, ಹೊರಗಿನಿಂದ ಯಾರೂ ಒಳನುಗ್ಗದಂತೆ ತಡೆಯುವ, ಒಳಗಿನಿಂದ ಮೈಯೊತ್ತಿದರೆ ಸಾಕು ತೆರೆದುಕೊಳ್ಳುವ ಅಡ್ಡಪಟ್ಟಿಯನ್ನು ರೂಪಿಸಿದರು. 1908ರಲ್ಲಿ ಅದು ಮಾರುಕಟ್ಟೆಗೆ ಬಂತು. ಈ ಸಭಾಂಗಣದಿಂದ ಹೊರಹೋಗುವಾಗ ಬಾಗಿಲಿನ ಸೊಂಟದೆತ್ತರದ ಆ ಪಟ್ಟಿಯನ್ನು ನೀವೂ ಒತ್ತುತ್ತೀರಿ.

ನಮ್ಮ ನಾಡಿಗೂ ಈ ಪಾಠ ಬೇಕಿತ್ತು. ಬೆಂಗಳೂರಿನಲ್ಲಿ 1981ರ ಫೆಬ್ರವರಿ 7ರಂದು ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಹೊಗೆ ತುಂಬಿ ಒಂಬತ್ತು ಜನ ಪ್ರಾಣ ಕಳೆದುಕೊಂಡರು. ತಪ್ಪಿಸಿಕೊಳ್ಳುವ ದಾರಿ ಅಲ್ಲಿಯೂ ಮುಚ್ಚಿತ್ತು. ತಮ್ಮವರನ್ನು ಕಳೆದುಕೊಂಡ ಕುಟುಂಬಗಳು ಬಿಯಾಂಡ್ ಕಾರ್ಲ್‌ಟನ್ ಎಂಬ ಸಂಸ್ಥೆ ಕಟ್ಟಿ, ಕಟ್ಟಡಗಳ ಅಗ್ನಿಸುರಕ್ಷತೆಗಾಗಿ ದುಡಿಯುತ್ತಿವೆ. ಅವರ ದುಃಖಕ್ಕೂ ಛಲಕ್ಕೂ ಈ ವೇದಿಕೆಯಿಂದ ಕೈಮುಗಿಯುತ್ತೇನೆ.

ಸಾಧನದಷ್ಟೇ ಮುಖ್ಯವಾದ ಇನ್ನೊಂದು ಆವಿಷ್ಕಾರವನ್ನೂ ಷಿಕಾಗೋ ಕೊಟ್ಟಿತು, ಅದು ಪರೀಕ್ಷೆ. 1893 ಎಂದರೆ ನಮಗೆ ನೆನಪಾಗುವುದು ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಅಲ್ಲಿ ಆಡಿದ ಮಾತು. ಆ ವರ್ಷದ ಜಾಗತಿಕ ಮೇಳದ ಅಂಗಳದಲ್ಲಿ ಅದಕ್ಕೆ ಎರಡು ತಿಂಗಳ ಹಿಂದೆ, ಜುಲೈ 10ರಂದು, ಶೀತಲಗೃಹದ ಗೋಪುರಕ್ಕೆ ಬೆಂಕಿ ಹತ್ತಿತ್ತು. ಬೆಂಕಿ ಆರಿಸಲು ಮೇಲೇರಿದ ಸಿಬ್ಬಂದಿಯ ಕೆಳಗೇ ಉರಿ ಭುಗಿಲೆದ್ದು ಹಲವರು ಸಾವಿರಾರು ಜನರ ಕಣ್ಣೆದುರಿಗೆ ಸತ್ತರು. ಅದೇ ಮೇಳದ ವಿದ್ಯುತ್ ತಂತಿಗಳಿಂದ ಬೆಂಕಿಯ ಭಯವಿದೆಯೇ ಎಂದು ನೋಡಲು ವಿಮಾ ಕಂಪನಿಗಳು ವಿಲಿಯಂ ಹೆನ್ರಿ ಮೆರಿಲ್ ಎಂಬ ಎಳೆಯ ಎಂಜಿನಿಯರನ್ನು ಕರೆಸಿದ್ದವು. ಆ ಕೆಲಸದಿಂದ ಮೆರಿಲ್‌ಗೆ ಹೊಳೆದದ್ದು, ವಸ್ತುವನ್ನು ಮಾರುವವರ ಮಾತಿನ ಮೇಲೆ ನಂಬಿಕೆ ಇಡಲಾಗದು, ಅದನ್ನು ಸುಟ್ಟು, ಒತ್ತಿ, ಎಳೆದು ನೋಡುವ ಬೇರೆ ಜಾಗ ಬೇಕು ಎಂಬುದು. 1894ರಲ್ಲಿ ಷಿಕಾಗೋದಲ್ಲಿ ಅವರು ಆರಂಭಿಸಿದ ಪ್ರಯೋಗಾಲಯವೇ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್. ನಿಮ್ಮ ಮನೆಯ ದೀಪ, ಚಾರ್ಜರು, ಹೊಗೆಗಂಟೆಗಳ ಮೇಲಿರುವ ವೃತ್ತದೊಳಗಿನ ಎರಡಕ್ಷರ ಅದರದೇ ಮುದ್ರೆ.

ಇದೇ ಪ್ರಯೋಗಾಲಯ ಷಿಕಾಗೋ ಬಳಿಯ ನಾರ್ತ್‌ಬ್ರೂಕ್‌ನಲ್ಲಿ ನಡೆಸಿದ ಒಂದು ಪ್ರಯೋಗ ಅಗ್ನಿಶಾಮಕರ ಕೆಲಸದ ತಿಳಿವಳಿಕೆಯನ್ನೇ ಬದಲಿಸಿತು. ಎರಡು ಕೋಣೆಗಳನ್ನು ಪಕ್ಕಪಕ್ಕ ಕಟ್ಟಿ, ಒಂದರಲ್ಲಿ ಹಳೆಯ ಕಾಲದ ಮರ, ಹತ್ತಿಯ ಪೀಠೋಪಕರಣ, ಇನ್ನೊಂದರಲ್ಲಿ ಇಂದಿನ ಫೋಮು, ಪಾಲಿಯೆಸ್ಟರ್ ಸೋಫಾ ಇಟ್ಟು ಬೆಂಕಿ ಹಚ್ಚಿದರು. ಹಳೆಯ ಕೋಣೆ ಪೂರ್ತಿ ಉರಿಯಾಗಲು 29 ನಿಮಿಷಕ್ಕೂ ಹೆಚ್ಚು ಹಿಡಿಯಿತು. ಹೊಸ ಕೋಣೆಗೆ ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಅಗ್ನಿಶಾಮಕ ವಾಹನ ಬಂದು ನಿಲ್ಲುವ ಹೊತ್ತಿಗೆ ಇಂದಿನ ಮನೆ ತನ್ನ ಅತ್ಯಂತ ಅಪಾಯದ ಗಳಿಗೆಯಲ್ಲಿರುತ್ತದೆ. ಹೊಗೆಗಂಟೆ ಮೊಳಗಿದರೆ ಪಾಸ್‌ಪೋರ್ಟು, ಒಡವೆ ಹುಡುಕುತ್ತ ನಿಲ್ಲದೆ ಮಕ್ಕಳ ಕೈಹಿಡಿದು ಹೊರಗೆ ಬನ್ನಿ ಎಂದು ನಾನು ಬೇಡಿಕೊಳ್ಳುವುದು ಈ ಲೆಕ್ಕದಿಂದ.

ಇನ್ನು ಎರಡನೆಯ ಭಾಗಕ್ಕೆ ಬರೋಣ, ಉಸಿರು ಮತ್ತು ಉಡುಪು.

ಬೆಂಕಿಯಲ್ಲಿ ಸಾಯುವವರಲ್ಲಿ ಬಹಳ ಮಂದಿಯನ್ನು ಕೊಲ್ಲುವುದು ಜ್ವಾಲೆಗಿಂತ ಮೊದಲು ಹೊಗೆ. ಎರೀ ಸರೋವರದ ದಡದ ಕ್ಲೀವ್‌ಲ್ಯಾಂಡ್‌ನಲ್ಲಿ, ಡೆಟ್ರಾಯಿಟ್‌ನಿಂದ ಕೆಲವೇ ಗಂಟೆಯ ಹಾದಿ, ಗ್ಯಾರೆಟ್ ಮಾರ್ಗನ್ ಎಂಬ ಕಪ್ಪು ಜನಾಂಗದ ಕುಶಲಕರ್ಮಿ ಇದ್ದರು. ಕೆಂಟಕಿಯಿಂದ ಬಂದು ಹೊಲಿಗೆಯಂತ್ರ ರಿಪೇರಿಯಿಂದ ಬದುಕು ಕಟ್ಟಿಕೊಂಡವರು. ಬಿಸಿ ಹೊಗೆ ಮೇಲಕ್ಕೇರುತ್ತದೆ, ನೆಲದ ಹತ್ತಿರ ಉಸಿರಾಡುವ ಗಾಳಿ ಉಳಿದಿರುತ್ತದೆ ಎಂಬುದು ಅವರು ಕಂಡುಕೊಂಡ ಸರಳ ಸತ್ಯ. ತಲೆಗೆ ಮುಸುಕು, ಅದರಿಂದ ನೆಲದವರೆಗೆ ಇಳಿಬಿದ್ದ ಕೊಳವೆ, ಕೊಳವೆಯ ತುದಿಯಲ್ಲಿ ಗಾಳಿಯನ್ನು ತಂಪಾಗಿಸಿ ಶೋಧಿಸುವ ಒದ್ದೆ ಸ್ಪಂಜು, ಇಷ್ಟೇ ಅದರ ರಚನೆ. 1914ರಲ್ಲಿ ಪೇಟೆಂಟು ಸಿಕ್ಕಿತು. 1916ರ ಜುಲೈನಲ್ಲಿ ಸರೋವರದ ತಳದಲ್ಲಿ ಕುಡಿಯುವ ನೀರಿಗಾಗಿ ತೋಡುತ್ತಿದ್ದ ಸುರಂಗದಲ್ಲಿ ಅನಿಲ ಸ್ಫೋಟವಾಯಿತು. ರಕ್ಷಿಸಲು ಇಳಿದವರೂ ಮೇಲೆ ಬರಲಿಲ್ಲ. ಆಗ ಮಾರ್ಗನ್ ತಮ್ಮ ಸಹೋದರ ಫ್ರಾಂಕ್ ಜೊತೆ ಆ ಮುಸುಕು ತೊಟ್ಟು ಸುರಂಗಕ್ಕಿಳಿದು ಬದುಕಿದ್ದವರನ್ನು ಹೊರತಂದರು. ತಾವು ಮಾಡಿದ ವಸ್ತುವನ್ನು ತಮ್ಮ ಪ್ರಾಣ ಒತ್ತೆಯಿಟ್ಟು ಪರೀಕ್ಷಿಸಿದ ಈ ಮನುಷ್ಯನಿಗೆ, ಮೈಬಣ್ಣದ ಕಾರಣಕ್ಕೆ, ತಕ್ಕ ಮಾನ್ಯತೆ ಸಿಗಲು ಬಹಳ ಕಾಲ ಹಿಡಿಯಿತು.

ಶೋಧಿಸುವ ಮುಸುಕಿಗೆ ಒಂದು ಮಿತಿಯಿದೆ. ಸುತ್ತಲಿನ ಗಾಳಿಯಲ್ಲಿ ಆಮ್ಲಜನಕವೇ ಮುಗಿದಿದ್ದರೆ ಶೋಧಿಸಿ ಪ್ರಯೋಜನವಿಲ್ಲ. ಆದ್ದರಿಂದ ಗಾಳಿಯನ್ನು ಬೆನ್ನ ಮೇಲೆ ಹೊತ್ತೇ ಹೋಗುವ ಉಪಕರಣ ಬೇಕಾಯಿತು. ಇಪ್ಪತ್ತನೆಯ ಶತಮಾನದ ನಡುವಿಗೆ ಅದು ಸಿಕ್ಕಿತು, ಆದರೆ ಉಕ್ಕಿನ ಸಿಲಿಂಡರಿನ ಭಾರಕ್ಕೆ ಬೇಸತ್ತ ಸಿಬ್ಬಂದಿ ಅದನ್ನು ವಾಹನದ ಪೆಟ್ಟಿಗೆಯಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು. ಹೊಗೆ ನುಂಗುವವರು ಎಂಬ ಹೆಸರನ್ನು ಬಿರುದಿನಂತೆ ಹೊತ್ತ ತಲೆಮಾರು ಅದು. 1971ರಲ್ಲಿ ನಾಸಾ ಈ ಸಮಸ್ಯೆಯನ್ನು ಕೈಗೆತ್ತಿಕೊಂಡಿತು. ರಾಕೆಟ್‌ಗಳಿಗಾಗಿ ಬೆಳೆಸಿದ ತಂತ್ರದಿಂದ, ಅಲ್ಯೂಮಿನಿಯಂ ಸಿಲಿಂಡರಿಗೆ ಗಾಜಿನ ನಾರು ಸುತ್ತಿ, ಇಡೀ ಉಪಕರಣದ ತೂಕವನ್ನು ಮೂರನೆಯ ಒಂದು ಭಾಗದಷ್ಟು ಇಳಿಸಿ ಸುಮಾರು ಒಂಬತ್ತು ಕಿಲೋಗೆ ತಂದರು. ತೂಕ ಇಳಿದಾಗ ಮುಖವಾಡ ಪೆಟ್ಟಿಗೆಯಿಂದ ಮುಖಕ್ಕೆ ಬಂತು. ಮುಂದೆ ಅದಕ್ಕೆ ಎರಡು ಸುಧಾರಣೆ ಸೇರಿದವು. ಮುಖವಾಡದೊಳಗಿನ ಒತ್ತಡವನ್ನು ಹೊರಗಿನದಕ್ಕಿಂತ ತುಸು ಹೆಚ್ಚಿಟ್ಟರು. ಎಲ್ಲಿಯಾದರೂ ಸಂದಿಯಿದ್ದರೆ ಗಾಳಿ ಹೊರಕ್ಕೆ ಸೋರುತ್ತದೆ, ವಿಷ ಒಳಕ್ಕೆ ಬರುವುದಿಲ್ಲ. ಇನ್ನೊಂದು, ಧರಿಸಿದವರು ಸುಮಾರು ಮೂವತ್ತು ಸೆಕೆಂಡು ಅಲುಗಾಡದಿದ್ದರೆ ಜೋರಾಗಿ ಕೂಗುವ ಪುಟ್ಟ ಯಂತ್ರ. ಕತ್ತಲು ಕವಿದ ಮನೆಯಲ್ಲಿ ಬಿದ್ದ ಜೊತೆಗಾರನನ್ನು ಆ ಸದ್ದಿನ ಜಾಡು ಹಿಡಿದು ಹುಡುಕುತ್ತಾರೆ.

ಉಡುಪಿನ ಕಥೆಯೂ ಹೀಗೆಯೇ ಸಾಗಿತು. ಹಳೆಯ ಕೋಟು ರಬ್ಬರು ಬಳಿದ ಬಟ್ಟೆಯದು, ನೀರು ತಡೆಯುತ್ತಿತ್ತು, ಶಾಖಕ್ಕೆ ಬಾಗುತ್ತಿತ್ತು. 1960ರ ದಶಕದಲ್ಲಿ ಡುಪಾಂಟ್ ಕಂಪನಿಯ ನೊಮೆಕ್ಸ್ ನಾರು ಬಂತು. ಅದು ಕರಗಿ ತೊಟ್ಟಿಕ್ಕುವುದಿಲ್ಲ. ಅದೇ ಕಂಪನಿಯಲ್ಲಿ 1965ರಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ರಸಾಯನ ವಿಜ್ಞಾನಿಯ ಸಂಶೋಧನೆ ಕೆವ್ಲಾರ್‌ಗೆ ದಾರಿ ಮಾಡಿತು. ಇಂದಿನ ಕೋಟಿನಲ್ಲಿ ಮೂರು ಪದರ: ಉರಿ ತಡೆಯುವ ಹೊರ ಬಟ್ಟೆ, ನೀರು ತಡೆಯುವ ನಡುಪೊರೆ, ಶಾಖ ತಡೆಯುವ ಒಳ ಅಸ್ತರಿ. ಅಮೆರಿಕದ ಮಾನದಂಡದ ಪ್ರಕಾರ ಈ ಮೂರೂ ಸೇರಿ, ಪ್ರಯೋಗಾಲಯದ ತೀವ್ರ ಉರಿಯೆದುರು, ಚರ್ಮಕ್ಕೆ ಎರಡನೆಯ ಹಂತದ ಸುಟ್ಟಗಾಯ ಆಗುವುದನ್ನು ಕನಿಷ್ಠ 17.5 ಸೆಕೆಂಡು ತಡೆಯಬೇಕು. ಅಷ್ಟು ಸೆಕೆಂಡುಗಳಲ್ಲಿ ಮನುಷ್ಯ ಕಿಟಕಿ ತಲುಪಬಹುದು. ಅಷ್ಟಕ್ಕಾಗಿ ರಸಾಯನಶಾಸ್ತ್ರ ಅರ್ಧ ಶತಮಾನ ದುಡಿದಿದೆ.

ಮೂರನೆಯ ಭಾಗ ಕಾಲಿನದು. ಇದರಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮೈ ಕಾಯುವ ವಸ್ತುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಧರಿಸುವುದೂ ಎಲ್ಲಕ್ಕಿಂತ ಕಡಿಮೆ ಗೌರವ ಪಡೆದಿರುವುದೂ ಪಾದರಕ್ಷೆ. ಅದನ್ನು ಹೊಲಿಯುವ ಕೈಗಳನ್ನು ನಮ್ಮ ಸಮಾಜ ದೂರವಿಟ್ಟಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಮತ್ತು ಅವರ ಮಡದಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಐತಿಹ್ಯ ನಮ್ಮ ನಾಡಿನ ಮನಸ್ಸಿನಲ್ಲಿ ಇಂದಿಗೂ ಉಳಿದಿದೆ. ಇನ್ನೊಬ್ಬರ ಕಾಲನ್ನು ಕಾಯುವುದು ಪೂಜೆಗೆ ಸಮನಾದ ಕಾಯಕ ಎಂದು ಸಾರಿದ ಪರಂಪರೆ ನಮ್ಮದು. ಆ ಗೌರವದಿಂದಲೇ ಈ ವಿಷಯಕ್ಕೆ ಕೈಹಾಕುತ್ತಿದ್ದೇನೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಷಿಕಾಗೋದ, ಪಕ್ಕದ ಇಂಡಿಯಾನಾದ ಗ್ಯಾರಿ ಪಟ್ಟಣದ ಉಕ್ಕಿನ ಕಾರ್ಖಾನೆಗಳಲ್ಲಿ ಕೆಲಸಗಾರರು ಊರಿನಿಂದ ಹಾಕಿಕೊಂಡು ಬಂದ ಜೋಡಿನಲ್ಲೇ ಕುಲುಮೆಯೆದುರು ನಿಲ್ಲುತ್ತಿದ್ದರು. ಗಾಯವಾದರೆ ಅಜಾಗರೂಕತೆಯ ಆರೋಪ ಅವರ ಮೇಲೆಯೇ. ಅಪಘಾತಕ್ಕೆ ಮಾಲೀಕರು ಪರಿಹಾರ ಕೊಡಬೇಕೆಂಬ ಕಾನೂನುಗಳು ಒಂದೊಂದೇ ರಾಜ್ಯದಲ್ಲಿ ಬಂದ ಮೇಲೆ ಗಾಯದ ಬೆಲೆ ಲೆಕ್ಕದ ಪುಸ್ತಕ ಸೇರಿತು, ಸುರಕ್ಷತೆ ಮೊದಲು ಎಂಬ ಚಳವಳಿ ಬಲಗೊಂಡಿತು. 1913ರಲ್ಲಿ ಷಿಕಾಗೋವನ್ನು ಕೇಂದ್ರವಾಗಿಸಿಕೊಂಡು ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿತು.

ಎರಕದ ಕಾರ್ಖಾನೆಯ ಬೂಟಿನಲ್ಲಿ ಆ ಕಾಲದ ಅನುಭವ ಹರಳುಗಟ್ಟಿ ನಿಂತಿದೆ. ಆ ಬೂಟಿಗೆ ಲೇಸಿಲ್ಲ. ಕರಗಿದ ಕಬ್ಬಿಣದ ಹನಿ ಲೇಸಿನ ಸಂದಿಯಲ್ಲಿ ಸಿಕ್ಕಿಕೊಂಡರೆ ಬೂಟು ಬಿಚ್ಚುವಷ್ಟರಲ್ಲಿ ಕಾಲು ಸುಡುತ್ತದೆ. ಆದ್ದರಿಂದ ಅಕ್ಕಪಕ್ಕ ಎಲಾಸ್ಟಿಕ್ ಇಟ್ಟು, ಒಂದೇ ಒದೆತಕ್ಕೆ ಕಳಚಿ ಬೀಳುವಂತೆ ಮಾಡಿದರು. ಪ್ಯಾಂಟಿನ ಕಾಲು ಬೂಟಿನ ಹೊರಗೆ ಇಳಿಬಿದ್ದಿರಬೇಕು, ಒಳಗೆ ತುರುಕಿರಬಾರದು, ಹನಿ ಜಾರಿ ನೆಲಕ್ಕೆ ಬೀಳಲೆಂದು.

ಮೋಟಾರು ಕಾರ್ಖಾನೆಯ ಭಯ ಬೇರೆ. ಕೈಜಾರಿದ ಡೈ, ಫೋರ್ಕ್‌ಲಿಫ್ಟಿನ ಚಕ್ರ, ಎಣ್ಣೆಯ ನೆಲ. ಬೂಟಿನ ಮೂತಿಯೊಳಗೆ ಉಕ್ಕಿನ ಬಟ್ಟಲನ್ನು ಕೂರಿಸಿದ್ದು ಈ ಭಯಕ್ಕೆ ಉತ್ತರ. ಆ ಬಟ್ಟಲನ್ನು ಪರೀಕ್ಷಿಸುವ ಬಗೆ ಕೇಳಿ. ಅಮೆರಿಕದ ಎಎಸ್‌ಟಿಎಂ ಮಾನದಂಡದಂತೆ ಸುಮಾರು 23 ಕಿಲೋ ತೂಕವನ್ನು 45 ಸೆಂಟಿಮೀಟರಿನಷ್ಟು ಎತ್ತರದಿಂದ ಬೂಟಿನ ಮೂತಿಯ ಮೇಲೆ ಬೀಳಿಸುತ್ತಾರೆ. ಗಂಡಸರ ಬೂಟಾದರೆ ಒಳಗೆ 12.7 ಮಿಲಿಮೀಟರ್ ಎತ್ತರದ ಜಾಗ ಉಳಿಯಲೇಬೇಕು. ಬೆರಳು ಬದುಕುವುದು ಆ ಜಾಗದಲ್ಲಿ. ಇನ್ನೊಂದು ಪರೀಕ್ಷೆಯಲ್ಲಿ 1,100 ಕಿಲೋಗೂ ಮೀರಿದ ಭಾರವನ್ನು ನಿಧಾನವಾಗಿ ಹೇರುತ್ತಾರೆ. ಯುರೋಪಿನಲ್ಲಿ ಬಳಸುವ ಅಂತರರಾಷ್ಟ್ರೀಯ ಐಎಸ್‌ಒ 20345 ಮಾನದಂಡ 200 ಜೂಲ್ ಪೆಟ್ಟನ್ನು ಕೇಳುತ್ತದೆ, ಎಂದರೆ 20 ಕಿಲೋ ತೂಕ ಒಂದು ಮೀಟರಿಗಿಂತ ಎತ್ತರದಿಂದ ಬಿದ್ದ ಹೊಡೆತ. ನಮ್ಮ ಭಾರತೀಯ ಮಾನಕ ಬ್ಯೂರೋದ ಐಎಸ್ 15298 ಇದೇ ದಾರಿಯದು. ಪೀಣ್ಯದಲ್ಲೋ ಹುಬ್ಬಳ್ಳಿಯಲ್ಲೋ ಕೊಳ್ಳುವ ಸೇಫ್ಟಿ ಶೂ ಮೇಲೆ ಈ ಸಂಖ್ಯೆಯೂ ಐಎಸ್‌ಐ ಗುರುತೂ ಇವೆಯೇ ಎಂದು ನೋಡಿ. ಗುರುತಿಲ್ಲದ ಬೂಟಿನೊಳಗಿನ ತಗಡು ಬರಿಯ ಭರವಸೆ.

ಅಗ್ನಿಶಾಮಕರ ಬೂಟು ಈ ಎಲ್ಲವನ್ನೂ ಒಟ್ಟಿಗೆ ಹೊತ್ತಿದೆ. ಡೆಟ್ರಾಯಿಟ್‌ನ ಪಾಳುಮನೆಗಳನ್ನು ನೆನೆಯಿರಿ. 1984ರಲ್ಲಿ ಹ್ಯಾಲೋವೀನ್ ಹಬ್ಬದ ಸುತ್ತಮುತ್ತಲಿನ ದಿನಗಳಲ್ಲೇ ಆ ನಗರದಲ್ಲಿ ಎಂಟುನೂರರಷ್ಟು ಬೆಂಕಿಗಳು ಎದ್ದಿದ್ದವು. ಅಂಥ ಮನೆಯಲ್ಲಿ ನೆಲದ ಹಲಗೆ ಕೊಳೆತಿರುತ್ತದೆ, ಚಾವಣಿಯಿಂದ ಬಿದ್ದ ಪಟ್ಟಿಗಳ ಮೊಳೆಗಳು ಮೇಲ್ಮುಖವಾಗಿರುತ್ತವೆ, ಬಿಸಿನೀರು ಪಾದ ಮುಳುಗುವಷ್ಟು ನಿಂತಿರುತ್ತದೆ. ಅದಕ್ಕೇ ಅಟ್ಟೆಯೊಳಗೆ ಮೊಳೆ ತಡೆಯುವ ಫಲಕ, ಮೂತಿಯಲ್ಲಿ ಬಟ್ಟಲು, ಏಣಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತರೂ ಪಾದದ ನಡುಭಾಗ ಬಾಗದಂತೆ ಗಟ್ಟಿ ಪಟ್ಟಿ, ಮೆಟ್ಟಿಲಿಗೆ ಸಿಕ್ಕಿಸಿಕೊಳ್ಳಲು ಹಿಮ್ಮಡಿಯ ಅಂಚು, ಕತ್ತಲಲ್ಲಿ ಎಳೆದು ಹಾಕಿಕೊಳ್ಳಲು ಎರಡು ಕಿವಿ. ಹಿಂದೆ ಸಿಬ್ಬಂದಿ ತೊಡೆಯವರೆಗಿನ ರಬ್ಬರ್ ಬೂಟು ಹಾಕುತ್ತಿದ್ದರು. ಮಲಗುವ ಹೊತ್ತಿಗೆ ಪ್ಯಾಂಟನ್ನು ಬೂಟಿನ ಸುತ್ತ ಮಡಚಿ ಹಾಸಿಗೆಯ ಬದಿಯಲ್ಲಿಟ್ಟು, ಗಂಟೆ ಬಾರಿಸಿದಾಗ ಎರಡಕ್ಕೂ ಒಟ್ಟಿಗೆ ಕಾಲಿಳಿಸುವ ಪದ್ಧತಿ ಬಂದ ಮೇಲೆ ಬೂಟಿನ ಎತ್ತರ ಇಳಿಯಿತು. ರಬ್ಬರಿಗೆ ಜೊತೆಯಾಗಿ ಹಗುರವಾದ ಚರ್ಮ ಬಂತು. ಈ ಹಗುರತನಕ್ಕೆ ಬೆಲೆಯಿದೆ. ಬೆನ್ನಿನ ಮೇಲಿನ ಒಂದು ಕಿಲೋಗಿಂತ ಕಾಲಿಗೆ ಕಟ್ಟಿದ ಒಂದು ಕಿಲೋ ಹಲವು ಪಟ್ಟು ಹೆಚ್ಚು ಶಕ್ತಿಯನ್ನು ಹೀರುತ್ತದೆ. ಅಮೆರಿಕದಲ್ಲಿ ಕರ್ತವ್ಯದಲ್ಲಿರುವಾಗ ಸಾಯುವ ಅಗ್ನಿಶಾಮಕರಲ್ಲಿ ದೊಡ್ಡ ಪಾಲು ಹೃದಯ ನಿಂತು ಸಾಯುವವರದು. ಬೂಟಿನ ಗ್ರಾಂಗಳಿಗೂ ಹೃದಯದ ಆಯಾಸಕ್ಕೂ ಸಂಬಂಧವಿದೆ.

ಇಲ್ಲಿಯೇ ಅಳತೆಯ ಮಾತು ಬರುತ್ತದೆ. ಬಹುಕಾಲ ಈ ಬೂಟುಗಳು ಗಂಡಸಿನ ಪಾದದ ಅಚ್ಚಿನ ಮೇಲೇ ತಯಾರಾದವು. ಹೆಂಗಸರು ಠಾಣೆಗಳಿಗೂ ಕಾರ್ಖಾನೆಗಳಿಗೂ ಬಂದಾಗ ಅವರಿಗೆ ಗಂಡಸರ ಸಣ್ಣ ಸೈಜು ಕೊಟ್ಟರು. ಹೆಣ್ಣಿನ ಪಾದದ ಹಿಮ್ಮಡಿ ಕಿರಿದು. ಒಳಗೆ ಪಾದ ಜಾರುತ್ತದೆ, ಬೊಬ್ಬೆ ಏಳುತ್ತದೆ, ಏಣಿಯ ಮೇಲೆ ಕಾಲು ತಪ್ಪುತ್ತದೆ. ಈಗ ಬೇರೆ ಅಚ್ಚುಗಳು ಬಂದಿವೆ. ಬೆಲೆಯ ಪ್ರಶ್ನೆಯೂ ಇದೆ. ರಕ್ಷಣಾ ಸಾಧನಗಳ ಖರ್ಚನ್ನು ಮಾಲೀಕರೇ ಕೊಡಬೇಕೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಓಶಾ 2007ರಲ್ಲಿ ನಿಯಮ ಮಾಡಿತು, ಆದರೆ ಮನೆಗೂ ಹಾಕಿಕೊಂಡು ಹೋಗಬಹುದಾದ ಸಾಮಾನ್ಯ ಸೇಫ್ಟಿ ಶೂಗಳಿಗೆ ವಿನಾಯಿತಿ ಇಟ್ಟಿತು. ಎಷ್ಟೋ ಕಂಪನಿಗಳು ಒಪ್ಪಂದದ ಮೂಲಕ ಬೂಟಿನ ಹಣ ಕೊಡುತ್ತವೆ, ಬೂಟು ತುಂಬಿದ ಟ್ರಕ್ಕನ್ನು ಗೇಟಿಗೇ ಕರೆಸಿ ಪ್ರತಿಯೊಬ್ಬರ ಕಾಲಿಗೂ ಅಳೆದು ಕೊಡಿಸುತ್ತವೆ. ಎಲ್ಲರೂ ಹಾಗೆ ಮಾಡಬೇಕೆಂಬುದು ನನ್ನ ಬಯಕೆ.

ಈಗ ನಾಲ್ಕನೆಯ, ಕೊನೆಯ ಭಾಗ. ಇದು ಮಿಷಿಗನ್ನಿನದೇ ಕಥೆ.

1883ರಲ್ಲಿ ಆರಂಭವಾದ, ಈ ರಾಜ್ಯದ ಪಶ್ಚಿಮದ ರಾಕ್‌ಫರ್ಡ್ ಊರಿನ ವೊಲ್ವರಿನ್ ಕಂಪನಿ ಕೆಲಸದ ಬೂಟುಗಳಿಗೆ ಹೆಸರಾದದ್ದು. ಚರ್ಮ ನೀರು ಹೀರದಿರಲೆಂದು ಅದಕ್ಕೆ ಪಿಎಫ್‌ಎಎಸ್ ಗುಂಪಿನ ರಾಸಾಯನಿಕ ಬಳಸುತ್ತಿದ್ದರು. ಇಂಗಾಲ ಮತ್ತು ಫ್ಲೋರಿನ್‌ಗಳ ಬಿಗಿಯಾದ ಬೆಸುಗೆಯಿಂದಾದ ಈ ವಸ್ತುಗಳು ಮಣ್ಣಿನಲ್ಲಾಗಲಿ ನೀರಿನಲ್ಲಾಗಲಿ ಸುಲಭಕ್ಕೆ ವಿಘಟನೆಯಾಗುವುದಿಲ್ಲ. ಹದಮಾಡಿದ ಮೇಲೆ ಉಳಿದ ಕೆಸರನ್ನು ಎಸೆದ ಜಾಗಗಳಿಂದ ಅದು ಸುತ್ತಲಿನ ಬಾವಿಗಳಿಗೆ ಇಳಿದದ್ದು 2017ರಲ್ಲಿ ಬೆಳಕಿಗೆ ಬಂತು. 2020ರಲ್ಲಿ ಆ ಕಂಪನಿಯೂ ರಾಸಾಯನಿಕ ಒದಗಿಸಿದ್ದ 3ಎಂ ಕಂಪನಿಯೂ ಸೇರಿ, ಎರಡು ಗ್ರಾಮಾಡಳಿತಗಳ ಮನೆಗಳಿಗೆ ನಲ್ಲಿನೀರು ಮುಟ್ಟಿಸಲು 6 ಕೋಟಿ 95 ಲಕ್ಷ ಡಾಲರ್ ಒಪ್ಪಂದಕ್ಕೆ ಬಂದವು.

ಬೆಂಕಿ ಆರಿಸುವ ನೊರೆಯಲ್ಲೂ ಇದೇ ಗುಂಪಿನ ವಸ್ತುವಿತ್ತು. 1967ರ ಜುಲೈ 29ರಂದು ಅಮೆರಿಕದ ಫಾರೆಸ್ಟಲ್ ಯುದ್ಧನೌಕೆಯಲ್ಲಿ ಇಂಧನಕ್ಕೆ ಬೆಂಕಿ ಬಿದ್ದು 134 ನಾವಿಕರು ಸತ್ತ ಮೇಲೆ, ಉರಿಯುವ ಪೆಟ್ರೋಲಿನ ಮೇಲೆ ತೆಳುಪೊರೆ ಹಾಸಿ ಗಾಳಿ ತಡೆಯುವ ಈ ನೊರೆ ಎಲ್ಲೆಡೆ ಬಳಕೆಗೆ ಬಂತು. ಅದರಿಂದ ಪ್ರಾಣಗಳು ಉಳಿದವು. ವಿಮಾನ ನಿಲ್ದಾಣಗಳ, ತರಬೇತಿ ಮೈದಾನಗಳ ಅಂತರ್ಜಲವೂ ಕೆಟ್ಟಿತು. ಅಗ್ನಿಶಾಮಕರ ಎಷ್ಟೋ ಕೋಟುಗಳ ನಡುಪೊರೆಯಲ್ಲಿಯೂ ಈ ಗುಂಪಿನ ವಸ್ತು ಇದೆ.

ಮೂರನೆಯ ಉದಾಹರಣೆ ನಾವಿರುವ ಈ ಊರಿನದು. ಕಾರಿನ ಬಿಡಿಭಾಗಗಳಿಗೆ ಕ್ರೋಮಿಯಂ ಲೇಪಿಸುವಾಗ ಏಳುವ ಆವಿ ಕ್ಯಾನ್ಸರ್‌ಕಾರಕ. ಕೆಲಸಗಾರರ ಶ್ವಾಸಕೋಶ ಉಳಿಸಲು ತೊಟ್ಟಿಯಲ್ಲಿ ಆವಿ ಅಡಗಿಸುವ ಒಂದು ದ್ರವ ಬೆರೆಸುತ್ತಿದ್ದರು. ಆ ದ್ರವವೂ ಪಿಎಫ್‌ಎಎಸ್. ವಿಕ್ಸಮ್‌ನ ಲೇಪನ ಕಾರ್ಖಾನೆಯೊಂದರಿಂದ ಅದು ಊರಿನ ಕೊಳಚೆನೀರು ಶುದ್ಧೀಕರಣ ಘಟಕಕ್ಕೆ, ಅಲ್ಲಿಂದ ನಾರ್ಟನ್ ಕ್ರೀಕ್ ಹಳ್ಳಕ್ಕೆ, ಹಳ್ಳದಿಂದ ಹ್ಯೂರನ್ ನದಿಗೆ ಹರಿಯಿತು. 2018ರ ಆಗಸ್ಟಿನಲ್ಲಿ ಆ ನದಿಯ ಮೀನು ತಿನ್ನಬೇಡಿ ಎಂದು ರಾಜ್ಯ ಸರಕಾರ ಎಚ್ಚರಿಸಿತು. ಕೆಳಗಿನ ಆ್ಯನ್ ಆರ್ಬರ್ ನಗರ ತನ್ನ ಕುಡಿಯುವ ನೀರಿನ ಬಹುಪಾಲನ್ನು ಅದೇ ನದಿಯಿಂದ ಎತ್ತುತ್ತದೆ. ಕಾರ್ಖಾನೆಯಲ್ಲಿ ಇದ್ದಿಲಿನ ಶೋಧಕ ಅಳವಡಿಸಿದ ಮೇಲೆ ಪ್ರಮಾಣ ಬಹಳ ಇಳಿಯಿತು.

ಈ ಮೂರೂ ಕಥೆಗಳಲ್ಲಿ ಯಾರೂ ಕೇಡು ಬಯಸಿರಲಿಲ್ಲ. ಒದ್ದೆಯಾಗದ ಬೂಟು, ಆರುವ ಬೆಂಕಿ, ಕೆಲಸಗಾರನ ಉಸಿರು, ಎಲ್ಲವೂ ಒಳ್ಳೆಯ ಉದ್ದೇಶಗಳೇ. ವಸ್ತು ಕಾರ್ಖಾನೆಯ ಗೋಡೆ ದಾಟಿದ ಮೇಲೆ ಅದರ ಹೊಣೆ ಯಾರದೂ ಆಗಿರಲಿಲ್ಲ, ಕೊರತೆ ಇದ್ದದ್ದು ಅಲ್ಲಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್ ತರುವ ವೃತ್ತಿಗಳ ಮೊದಲ ಗುಂಪಿಗೆ ಸೇರಿಸಿತು. ಮಸಿ ಹತ್ತಿದ ಕೋಟನ್ನು ಹೆಮ್ಮೆಯಿಂದ ತೊಡುತ್ತಿದ್ದವರು ಈಗ ಬೆಂಕಿಯ ಜಾಗದಲ್ಲೇ ಅದನ್ನು ತೊಳೆದು, ಬಿಚ್ಚಿ, ಚೀಲಕ್ಕೆ ಹಾಕಿ ಠಾಣೆಗೆ ಮರಳುತ್ತಾರೆ. ಮಿಷಿಗನ್ ಸರಕಾರ ಠಾಣೆಗಳಲ್ಲಿ ಉಳಿದಿದ್ದ ಹಳೆಯ ನೊರೆಯನ್ನು ಹಿಂಪಡೆದು ವಿಲೇವಾರಿ ಮಾಡಿಸಿತು. ಫ್ಲೋರಿನ್ ಇಲ್ಲದ ನೊರೆ, ಬೇರೆ ಪೊರೆಯ ಕೋಟುಗಳೂ ಬರುತ್ತಿವೆ.

ಮಾತು ಮುಗಿಸುವ ಮುನ್ನ ಭಾರತದ ನಮ್ಮ ಊರುಗಳ ಕಡೆಗೆ ತಿರುಗುತ್ತೇನೆ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸಬಾರದೆಂದು 2013ರ ಕಾನೂನು ಹೇಳಿದರೂ ಬರಿಗಾಲಿನಲ್ಲಿ ಇಳಿದು ಸಾಯುವ ಸುದ್ದಿ ನಿಂತಿಲ್ಲ. ಪೌರಕಾರ್ಮಿಕರಿಗೆ ಬೂಟು ಕೊಟ್ಟರೂ ಹಾಕುವುದಿಲ್ಲ ಎಂದು ದೂರುವವರಿದ್ದಾರೆ. ನಮ್ಮ ಸೆಕೆಗೆ ಬೇಯುವ, ಅಳತೆ ಮೀರಿದ ಗಮ್‌ಬೂಟನ್ನು ದಿನವಿಡೀ ಯಾರು ತಾನೇ ಹಾಕಿಯಾರು? ಹೊಲಗದ್ದೆಯಲ್ಲಿ ದುಡಿಯುವ ಕಾಲಿಗೂ ರಕ್ಷಣೆ ಬೇಕು. 2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕಡಿತಗಳಲ್ಲಿ ಹೆಚ್ಚಿನವು ಕಾಲಿಗೆ, ಗದ್ದೆ ತೋಟಗಳಲ್ಲಿ ದುಡಿಯುವವರಿಗೆ. ಕೆಸರಿನಲ್ಲಿ ಹೂತುಹೋಗದ, ಗಾಳಿಯಾಡುವ, ರೈತ ಹೆಣ್ಣುಮಕ್ಕಳ ಕಾಲಿಗೂ ಹೊಂದುವ, ಕೊಳ್ಳಲು ಕೈಗೆಟಕುವ ಬೂಟನ್ನು ರೂಪಿಸುವ ಕೆಲಸ ಇನ್ನೂ ಬಾಕಿ ಇದೆ. ಈ ಸಭೆಯಲ್ಲಿ ವಸ್ತುವಿಜ್ಞಾನ ಬಲ್ಲವರಿದ್ದಾರೆ, ವಿನ್ಯಾಸಕರಿದ್ದಾರೆ, ಕಂಪನಿಗಳ ಖರೀದಿ ವಿಭಾಗದಲ್ಲಿ ಸಹಿ ಹಾಕುವವರಿದ್ದಾರೆ, ಊರಿನ ಶಾಲೆ ಪಂಚಾಯಿತಿಗಳಿಗೆ ಪ್ರತಿವರ್ಷ ಹಣ ಕಳಿಸುವವರಿದ್ದಾರೆ.

ನಿಮ್ಮೆಲ್ಲರಲ್ಲಿ ನನ್ನ ವಿನಂತಿ ಇಷ್ಟೇ. ಮೈ ಕಾಯುವ ಯಾವುದೇ ವಸ್ತುವನ್ನು ಕೊಳ್ಳುವಾಗ, ಕೊಡಿಸುವಾಗ, ದಾನ ಮಾಡುವಾಗ ಮೂರು ಪ್ರಶ್ನೆ ಕೇಳಿ. ಇದನ್ನು ಪರೀಕ್ಷಿಸಿದವರು ಯಾರು? ಯಾರ ಮೈಯಳತೆಗೆ ಮಾಡಿದ್ದಾರೆ? ಬಳಸಿ ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ? ಉತ್ತರ ಸಿಗುವ ತನಕ ಸಹಿ ಹಾಕಬೇಡಿ. ಕೆನ್ಯನ್, ಮೆರಿಲ್, ಪ್ರಿಂಜ್ಲರ್, ಮಾರ್ಗನ್ ಇವರಲ್ಲಿ ಯಾರೂ ಅಪಘಾತವನ್ನು ಹಣೆಬರಹವೆಂದು ಒಪ್ಪಿಕೊಳ್ಳಲಿಲ್ಲ. ನಾವೂ ಒಪ್ಪಿಕೊಳ್ಳಬೇಕಾಗಿಲ್ಲ.